‘ಸ್ಟಾಫ್’ ಎಂಬ ಒಂದು ಮಾತು

ಕಾರವಾರ, ಹಾರವಾಡ, ಅಂಕೋಲಾ ನಿಲ್ದಾಣಗಳಲ್ಲಿಯೂ ಆ ನಿಲ್ದಾಣಗಳನ್ನು ಹಾದುಹೋಗುವ ರೈಲುಗಳಲ್ಲಿಯೂ ದುಡಿಯುವ ಕೊಂಕಣ ರೈಲ್ವೆ, ನೈಋತ್ಯ ರೈಲ್ವೆ, ದಕ್ಷಿಣ ರೈಲ್ವೆ ಮತ್ತು ಮಧ್ಯ ರೈಲ್ವೆಯ ಸಮಸ್ತ ಸಿಬ್ಬಂದಿಗೆ ಬಹಿರಂಗ ಪತ್ರ



ಒಂದು ರೈಲ್ವೆ ಆಡಳಿತದ ನೌಕರ ಇನ್ನೊಂದು ಆಡಳಿತದ ರೈಲನ್ನು ಹತ್ತಿ, ಟಿಕೆಟ್ ತಪಾಸಣೆಯವರು ಬಂದಾಗ ಗುರುತಿನ ಚೀಟಿಯನ್ನು ಅರ್ಧ ಹೊರತೆಗೆದು ‘ಸ್ಟಾಫ್’ ಎಂದಷ್ಟೇ ಹೇಳುವುದು, ತಪಾಸಣೆಯವರು ತಲೆಯಾಡಿಸಿ ಮುಂದಿನ ಸಾಲಿಗೆ ಹೋಗುವುದು ಭಾರತದ ರೈಲುಗಳಲ್ಲಿ ಎಷ್ಟು ಹಳೆಯ ರೂಢಿಯೆಂದರೆ, ಅದನ್ನು ಯಾರೂ ಪ್ರತ್ಯೇಕವಾಗಿ ಗಮನಿಸುವುದೂ ಇಲ್ಲ. ಈ ಸೌಕರ್ಯಕ್ಕೆ ಲಿಖಿತ ಆಧಾರವಿಲ್ಲ. ಇದನ್ನು ಹಕ್ಕೆಂದು ಕೇಳುವಂತಿಲ್ಲ, ಸಿಗದಿದ್ದಾಗ ದೂರು ಕೊಡುವಂತೆಯೂ ಇಲ್ಲ. ಹೀಗೆ ದಾಕ್ಷಿಣ್ಯದ ಮೇಲೆ ನಿಂತಿರುವ ಈ ರೂಢಿಯನ್ನು ನಿಲ್ಲಿಸಬೇಕೆಂದು ಕೋರುವುದು ಈ ಪತ್ರದ ಉದ್ದೇಶವಲ್ಲ. ರೂಢಿಯ ಒಳಗಿರುವ ನ್ಯಾಯವಾದ ಅಂಶವನ್ನು ಬೇರ್ಪಡಿಸಿ, ಅದನ್ನು ಬರವಣಿಗೆಗೆ ಇಳಿಸಿ, ಇಂದು ಅದರಿಂದ ಹೊರಗುಳಿದಿರುವವರಿಗೂ ಸಿಗುವಂತೆ ಮಾಡಲು ಸಿಬ್ಬಂದಿ ವರ್ಗವೇ ಮುಂದಾಗಬೇಕೆಂಬುದು ಇದರ ವಿನಂತಿ.

ಈ ಪ್ರಶ್ನೆ ಕಾರವಾರ ಮತ್ತು ಅಂಕೋಲೆಯಲ್ಲಿ ಬೇರೆಡೆಗಿಂತ ತೀಕ್ಷ್ಣವಾಗಿ ಏಳುವುದಕ್ಕೆ ಕಾರಣವಿದೆ. ದೇಶದ ಬಹುಪಾಲು ಹಳಿಗಳು ಭಾರತೀಯ ರೈಲ್ವೆಯ ಯಾವುದಾದರೊಂದು ವಲಯಕ್ಕೆ ಸೇರಿದ್ದು, ವಲಯಗಳೆಲ್ಲ ಒಂದೇ ಸರ್ಕಾರಿ ಇಲಾಖೆಯ ಅಂಗಗಳಾಗಿರುವುದರಿಂದ ಅಲ್ಲಿ ನೌಕರ ಯಾವ ವಲಯದವನೆಂಬುದು ಪ್ರಯಾಣದ ಮಟ್ಟಿಗೆ ಅಷ್ಟು ಮುಖ್ಯವಾಗುವುದಿಲ್ಲ. ಕೊಂಕಣ ರೈಲ್ವೆ ಹಾಗಲ್ಲ. ಅದು 1990ರ ಜುಲೈನಲ್ಲಿ ನೋಂದಣಿಯಾದ, ಕೇಂದ್ರ ಸರ್ಕಾರ ಶೇ 51, ಮಹಾರಾಷ್ಟ್ರ ಶೇ 22, ಕರ್ನಾಟಕ ಶೇ 15, ಗೋವಾ ಮತ್ತು ಕೇರಳ ತಲಾ ಶೇ 6ರಷ್ಟು ಬಂಡವಾಳ ಹೂಡಿ ಕಟ್ಟಿದ ನಿಗಮ. ಅಂದರೆ ತನ್ನದೇ ಲೆಕ್ಕಪತ್ರ, ತನ್ನದೇ ಸಾಲ, ತನ್ನದೇ ನೇಮಕಾತಿ ಮತ್ತು ತನ್ನದೇ ಸೇವಾ ನಿಯಮಗಳಿರುವ ಕಂಪನಿ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಸಮೀಪದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಹಬ್ಬಿರುವ ಈ ಮಾರ್ಗ 1998ರ ಜನವರಿ 26ರಂದು ಪೂರ್ಣವಾಗಿ ಸಂಚಾರಕ್ಕೆ ತೆರೆದುಕೊಂಡಿತು. ಅದನ್ನು ನೋಡಿಕೊಳ್ಳಲು ಮಾಡಿಕೊಂಡ ಎರಡು ಪ್ರಾದೇಶಿಕ ವಿಭಾಗಗಳಲ್ಲಿ ಒಂದು ರತ್ನಾಗಿರಿಯದಾದರೆ ಇನ್ನೊಂದು ಕಾರವಾರದ್ದು. ಅದುವರೆಗೆ ರೈಲು ಹತ್ತಲು ಹುಬ್ಬಳ್ಳಿಗೋ ಮಡಗಾಂವಿಗೋ ಬಸ್ಸಿನಲ್ಲಿ ಹೋಗಬೇಕಿದ್ದ ಕರಾವಳಿಯ ಜಿಲ್ಲಾಕೇಂದ್ರವೊಂದು ರೈಲು ಕಂಡ ಕೆಲವೇ ವರ್ಷಗಳಲ್ಲಿ ರೈಲ್ವೆ ಆಡಳಿತದ ಊರೂ ಆಯಿತು.

ಆದರೆ ಕಂಪನಿ ಬೇರೆಯಾದರೂ ರೈಲು ಬೇರೆಯಾಗಲಿಲ್ಲ. ಮುಂಬಯಿಯಿಂದ ಹೊರಡುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ರೋಹಾದವರೆಗೆ ಮಧ್ಯ ರೈಲ್ವೆಯ ಹಳಿಯ ಮೇಲೆ, ಅಲ್ಲಿಂದ ತೋಕೂರಿನವರೆಗೆ ಕೊಂಕಣ ರೈಲ್ವೆಯ ಹಳಿಯ ಮೇಲೆ, ಮುಂದೆ ಮಂಗಳೂರಿನವರೆಗೆ ದಕ್ಷಿಣ ರೈಲ್ವೆಯ ಹಳಿಯ ಮೇಲೆ ಓಡುತ್ತದೆ. ಸಂಜೆ ಬೆಂಗಳೂರು ಬಿಟ್ಟು ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ದಾಟಿ ಬರುವ ಪಂಚಗಂಗಾ ಎಕ್ಸ್‌ಪ್ರೆಸ್ ಪಡೀಲಿನವರೆಗೆ ನೈಋತ್ಯ ರೈಲ್ವೆಯ ಸೀಮೆಯಲ್ಲಿದ್ದು, ಪಡೀಲಿನಿಂದ ತೋಕೂರಿನವರೆಗಿನ ಚಿಕ್ಕ ತುಂಡಿನಲ್ಲಿ ದಕ್ಷಿಣ ರೈಲ್ವೆಗೆ ಸೇರಿ, ಅನಂತರ ಕೊಂಕಣ ರೈಲ್ವೆಯನ್ನು ಹೊಕ್ಕು, ಬೆಳಗಾಗುವ ಹೊತ್ತಿಗೆ ಗೋಕರ್ಣ ರೋಡ್, ಅಂಕೋಲಾ ದಾಟಿ ಕಾರವಾರ ಸೇರುತ್ತದೆ. ರಾತ್ರಿ ಹಾಸಿಗೆ ಹಾಸಿ ಮಲಗಿದ ಪ್ರಯಾಣಿಕನಿಗೆ ತಾನು ಮೂರು ಆಡಳಿತಗಳ ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಆ ರೈಲಿನಲ್ಲಿ ಕೆಲಸ ಮಾಡುವವರಿಗೆ ಮಾತ್ರ. ಸಂಬಳ ಕೊಡುವ ಕಚೇರಿ ಯಾವುದೇ ಇರಲಿ, ಸಿಗ್ನಲ್ಲು, ಹಳಿ, ಎಂಜಿನ್ನು, ಅಪಾಯ ಎಲ್ಲವೂ ಒಂದೇ ಆಗಿರುವ ಈ ಸ್ಥಿತಿಯೇ ‘ಸ್ಟಾಫ್’ ಎಂಬ ಮಾತಿಗೆ ಹುಟ್ಟೂರು.

ನಿಯಮ ಏನು ಹೇಳುತ್ತದೆ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. 1989ರ ರೈಲ್ವೆ ಕಾಯ್ದೆಯ ಪ್ರಕಾರ ‘ಪಾಸ್’ ಎಂದರೆ ಸರ್ಕಾರವೋ ರೈಲ್ವೆ ಆಡಳಿತವೋ ಅಥವಾ ಅವುಗಳಿಂದ ಅಧಿಕಾರ ಪಡೆದ ಅಧಿಕಾರಿಯೋ ನಿರ್ದಿಷ್ಟ ವ್ಯಕ್ತಿಗೆ ಪ್ರಯಾಣಿಸಲು ಕೊಟ್ಟ ಅನುಮತಿ. ಅದು ಟಿಕೆಟ್ಟಿಗಿಂತ ಬೇರೆಯಾದದ್ದು. ಭಾರತೀಯ ರೈಲ್ವೆಯ ನೌಕರರಿಗೆ ಅನ್ವಯಿಸುವ 1986ರ ಪಾಸ್ ನಿಯಮಗಳಲ್ಲಿ ಹಲವು ಬಗೆಯ ಪಾಸುಗಳಿವೆ. ಕೆಲಸದ ಮೇಲೆ ಹೋಗುವವರಿಗೆ ಡ್ಯೂಟಿ ಪಾಸ್; ಸ್ವಂತ ಪ್ರಯಾಣಕ್ಕೆ ಕುಟುಂಬ ಸಮೇತ ಬಳಸಬಹುದಾದ ಪ್ರಿವಿಲೆಜ್ ಪಾಸ್; ಪ್ರಯಾಣ ದರದ ಮೂರನೇ ಒಂದು ಭಾಗವನ್ನಷ್ಟೇ ತೆತ್ತು ಟಿಕೆಟ್ ಪಡೆಯಲು ಅವಕಾಶ ಕೊಡುವ, ಸಿಬ್ಬಂದಿಯ ಬಾಯಲ್ಲಿ ಪಿಟಿಒ ಎಂದೇ ಕರೆಸಿಕೊಳ್ಳುವ ಆದೇಶ ಪತ್ರ. ಗೆಜೆಟೆಡ್ ಅಲ್ಲದ ನೌಕರನಿಗೆ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 1 ಸೆಟ್, ಅನಂತರ 3 ಸೆಟ್ ಪ್ರಿವಿಲೆಜ್ ಪಾಸ್ ದೊರೆತರೆ, ಗೆಜೆಟೆಡ್ ಅಧಿಕಾರಿಗೆ 6 ಸೆಟ್ ದೊರೆಯುತ್ತವೆ. ಒಂದು ಸೆಟ್ ಎಂದರೆ ಹೋಗುವುದಕ್ಕೊಂದು, ಬರುವುದಕ್ಕೊಂದು. ಈ ಎಲ್ಲ ಪತ್ರಗಳ ಮೇಲೂ ಯಾರು, ಎಲ್ಲಿಂದ ಎಲ್ಲಿಗೆ, ಯಾವ ಮಾರ್ಗವಾಗಿ, ಯಾವ ದಿನಾಂಕದೊಳಗೆ ಎಂಬುದು ನಮೂದಾಗಿರುತ್ತದೆ. ಗುರುತಿನ ಚೀಟಿಯ ಮೇಲೆ ಇವು ಯಾವುವೂ ಇರುವುದಿಲ್ಲ. ಆದ್ದರಿಂದ ಗುರುತಿನ ಚೀಟಿ ಎಷ್ಟೇ ಅಸಲಿಯಾಗಿದ್ದರೂ ಕಾಯ್ದೆಯ ದೃಷ್ಟಿಯಲ್ಲಿ ಅದು ಪಾಸ್ ಆಗುವುದಿಲ್ಲ. ಅದನ್ನಷ್ಟೇ ಹಿಡಿದವನು ಟಿಕೆಟ್ ಇಲ್ಲದ ಪ್ರಯಾಣಿಕನೇ, ಸಿಕ್ಕಿಬಿದ್ದರೆ ಪ್ರಯಾಣ ದರದ ಜತೆಗೆ ಕನಿಷ್ಠ 250 ರೂಪಾಯಿ ಹೆಚ್ಚುವರಿ ಶುಲ್ಕಕ್ಕೆ ಬಾಧ್ಯನೇ.

ಹೀಗಿದ್ದೂ ರೂಢಿ ಉಳಿದುಬಂದದ್ದಕ್ಕೆ ಇತಿಹಾಸದಲ್ಲಿ ಕಾರಣ ಸಿಗುತ್ತದೆ. ಸ್ವಾತಂತ್ರ್ಯಪೂರ್ವದಲ್ಲಿ ಈ ದೇಶದ ಹಳಿಗಳು ಹತ್ತಾರು ಕಂಪನಿಗಳ ಮತ್ತು ಸಂಸ್ಥಾನಗಳ ಕೈಯಲ್ಲಿದ್ದವು. ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್‌ಗಳ ಮಾರ್ಗ ಮೊದಲು ಸದರ್ನ್ ಮರಾಠಾ ರೈಲ್ವೆಯದು, 1908ರ ನಂತರ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯದು. ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದು ಮುರಗಾಂವ್ ಬಂದರಿಗೆ ಹೋಗುವ ಮಾರ್ಗ ಪೋರ್ಚುಗೀಸ್ ನೆಲದ ಇನ್ನೊಂದು ಕಂಪನಿಯದು. ಮೈಸೂರು ಸಂಸ್ಥಾನಕ್ಕೆ ತನ್ನದೇ ರೈಲ್ವೆ. ಪ್ರತಿಯೊಂದು ಕಂಪನಿಯೂ ತನ್ನ ಮಾರ್ಗವನ್ನು ‘ಹೋಮ್ ಲೈನ್’ ಎಂದೂ ಉಳಿದವರ ಮಾರ್ಗವನ್ನು ‘ಫಾರಿನ್ ಲೈನ್’ ಎಂದೂ ಕರೆಯುತ್ತಿತ್ತು. ಇಲ್ಲಿ ಫಾರಿನ್ ಎಂದರೆ ವಿದೇಶವಲ್ಲ, ಪಕ್ಕದ ಕಂಪನಿ. ಒಂದು ಕಂಪನಿಯ ಗೂಡ್ಸ್ ಡಬ್ಬಿ ಇನ್ನೊಂದರ ಹಳಿಯ ಮೇಲೆ ಹೋದರೆ ದಿನಕ್ಕೆಷ್ಟು ಬಾಡಿಗೆ, ಮುರಿದರೆ ರಿಪೇರಿ ಯಾರದು ಎಂಬುದನ್ನೆಲ್ಲ ಕಂಪನಿಗಳು ತಮ್ಮ ಸಮಾವೇಶದಲ್ಲಿ ಕೂತು ಅಕ್ಷರಶಃ ಬರೆದುಕೊಂಡಿದ್ದವು. ಡಬ್ಬಿಗೆ ಸಿಕ್ಕ ಈ ಲಿಖಿತ ಗೌರವ, ಡಬ್ಬಿಯನ್ನು ಜೋಡಿಸುವವನಿಗೂ ಅದರ ಹಿಂದೆ ಹಸಿರು ದೀಪ ಹಿಡಿದು ನಿಂತವನಿಗೂ ಪೂರ್ತಿಯಾಗಿ ಸಿಕ್ಕಿತೆಂದು ಹೇಳಲಾಗದು. ಲಿಖಿತ ಪಾಸು ಮುಗಿದ ಜಾಗದಲ್ಲಿ ನೌಕರರು ಒಬ್ಬರಿಗೊಬ್ಬರು ಆಸರೆಯಾದರು. 1951ರ ಏಪ್ರಿಲ್ 14ರಂದು ಮದ್ರಾಸ್ ಅಂಡ್ ಸದರ್ನ್ ಮರಾಠಾ, ಸೌತ್ ಇಂಡಿಯನ್ ಮತ್ತು ಮೈಸೂರು ರೈಲ್ವೆಗಳು ಕೂಡಿ ದಕ್ಷಿಣ ರೈಲ್ವೆಯಾದಾಗ ಈ ಭಾಗದ ಮಟ್ಟಿಗೆ ಫಾರಿನ್ ಲೈನ್ ಎಂಬ ಭಾವನೆ ಅಳಿಯತೊಡಗಿತು. ಸುಮಾರು 40 ವರ್ಷಗಳ ನಂತರ ಕೊಂಕಣ ರೈಲ್ವೆ ಹುಟ್ಟಿದಾಗ, ಯಾರೂ ಬಯಸದೆಯೇ, ಆಡಳಿತ ಆಡಳಿತಗಳ ನಡುವಿನ ಹಳೆಯ ಗೆರೆ ಮತ್ತೆ ಮೂಡಿತು. ಕೊಂಕಣ ರೈಲ್ವೆಯ ಮೊದಲ ಅಧ್ಯಕ್ಷ ಇ. ಶ್ರೀಧರನ್ ಅವರೂ ಭಾರತೀಯ ರೈಲ್ವೆಯಿಂದಲೇ ಬಂದವರು, ಆರಂಭದ ಎಂಜಿನಿಯರುಗಳಲ್ಲಿ ಅನೇಕರು ಅಲ್ಲಿಂದಲೇ ಎರವಲು ಸೇವೆಯ ಮೇಲೆ ಬಂದವರು ಎಂಬುದನ್ನು ನೆನೆದರೆ, ಈ ಗೆರೆ ಒಂದೇ ಮನೆಯೊಳಗೆ ಎದ್ದ ಗೋಡೆಯಂತೆ ಕಾಣುತ್ತದೆ.

ಇಂಥ ಗೋಡೆಯನ್ನು ಬೇರೆ ದೇಶದವರೂ ಕಂಡಿದ್ದಾರೆ. 1990ರ ದಶಕದಲ್ಲಿ ಬ್ರಿಟಿಷ್ ರೈಲ್ ಎಂಬ ಸರ್ಕಾರಿ ಸಂಸ್ಥೆಯನ್ನು ಒಡೆದು ಹಲವು ಖಾಸಗಿ ಕಂಪನಿಗಳಿಗೆ ಹಂಚಿದಾಗ, 1996ರ ಮಾರ್ಚ್ ಅಂತ್ಯಕ್ಕೆ ಸೇವೆಯಲ್ಲಿದ್ದ ನೌಕರರಿಗೆ ಎಲ್ಲ ಕಂಪನಿಗಳ ರೈಲುಗಳಲ್ಲೂ ಹಳೆಯ ಪ್ರಯಾಣ ಸೌಕರ್ಯವನ್ನು ಕಾಯ್ದಿರಿಸಲಾಯಿತು. ಆ ಮೇಲೆ ಸೇರಿದವರಿಗೆ ಆ ರಕ್ಷಣೆ ಸಿಗಲಿಲ್ಲ. ಒಂದೇ ಪ್ಲಾಟ್‌ಫಾರಂ ಮೇಲೆ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನಿಗೆ ಹಕ್ಕು, ಇನ್ನೊಬ್ಬನಿಗೆ ಸಹೋದ್ಯೋಗಿಯ ಕೃಪೆ ಎಂಬಂಥ ಪರಿಸ್ಥಿತಿ ಅಲ್ಲಿ ಹುಟ್ಟಿದ್ದು ಹೀಗೆ. ಯುರೋಪಿನ ಹಲವು ದೇಶಗಳ ರೈಲ್ವೆಗಳು ಮಾತ್ರ ಬೇರೆ ದಾರಿ ಹಿಡಿದು, ಎಫ್‌ಐಪಿ ಎಂಬ ಒಕ್ಕೂಟದ ಮೂಲಕ, ಒಂದು ದೇಶದ ರೈಲ್ವೆ ನೌಕರ ಮತ್ತೊಂದು ದೇಶದಲ್ಲಿ ಕೂಪನ್ ಹಿಡಿದು ಉಚಿತವಾಗಿಯೂ ಕಾರ್ಡು ತೋರಿಸಿ ರಿಯಾಯಿತಿ ದರದಲ್ಲಿಯೂ ಪ್ರಯಾಣಿಸಲು ಲಿಖಿತ ವ್ಯವಸ್ಥೆ ಮಾಡಿಕೊಂಡಿವೆ. ಭಾಷೆ ಮತ್ತು ದೇಶ ಬೇರೆಯಾದವರು ಕೂತು ಬರೆದುಕೊಳ್ಳಬಹುದಾದದ್ದನ್ನು ತೋಕೂರಿನ ಈಚೆಯವರೂ ಆಚೆಯವರೂ ಬರೆದುಕೊಳ್ಳಲಾಗದೆಂದು ನಂಬುವುದು ಕಷ್ಟ.

ಈ ರೂಢಿಯಲ್ಲಿ ಗೌರವಕ್ಕೆ ಅರ್ಹವಾದದ್ದು ಏನೆಂಬುದನ್ನು ಮಳೆಗಾಲದಲ್ಲಿ ಈ ಮಾರ್ಗವನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಮಳೆಗಾಲದ ವೇಳಾಪಟ್ಟಿ ಜಾರಿಗೆ ಬಂದು ರೈಲುಗಳ ವೇಗ ತಗ್ಗುವ ಹೊತ್ತಿಗೆ, ಗುಡ್ಡ ಕಡಿದು ಮಾಡಿದ ಇಕ್ಕಟ್ಟಿನ ಜಾಗಗಳಲ್ಲಿ, ಸುರಂಗಗಳ ಬಾಯಲ್ಲಿ, ಹಳಿಯ ಮೇಲೆ ಕಲ್ಲು ಬಿದ್ದೀತೆಂದು ಕಾಯುವ ಗಸ್ತಿನವರು ಹಗಲಿರುಳು ನಡೆಯುತ್ತಾರೆ. ತಲೆಯ ಮೇಲೆ ರೇನ್‌ಕೋಟಿನ ಟೋಪಿ, ಒಂದು ಕೈಯಲ್ಲಿ ದೀಪ, ಇನ್ನೊಂದು ಕೈಯಲ್ಲಿ ಬಾವುಟ. ಹೆಗಲ ಚೀಲದಲ್ಲಿ, ಆಪತ್ತಿನಲ್ಲಿ ಹಳಿಗೆ ಕಟ್ಟಿ ರೈಲು ನಿಲ್ಲಿಸಲು ಬಳಸುವ, ಚಕ್ರ ಹಾಯ್ದೊಡನೆ ಸಿಡಿಯುವ ಪಟಾಕಿಗಳ ಡಬ್ಬಿ. ಪಾಳಿ ಮುಗಿದಾಗ ಹೊರಗೆ ಇನ್ನೂ ಕತ್ತಲು. ಕಾರವಾರ ನಿಲ್ದಾಣ ಇರುವುದು ಪೇಟೆಯಲ್ಲಿ ಅಲ್ಲ, ಕೆಲವು ಕಿಲೋಮೀಟರ್ ಆಚೆ ಶಿರವಾಡದಲ್ಲಿ. ಅಂಕೋಲೆಯ ನಿಲ್ದಾಣವೂ ಬಸ್ ನಿಲ್ದಾಣದ ಮಗ್ಗುಲಿಗಿಲ್ಲ. ಹಾರವಾಡದಂಥ ಚಿಕ್ಕ ನಿಲ್ದಾಣದಲ್ಲಿ ಆ ಹೊತ್ತಿಗೆ ಆಟೋ ಸಿಗುವ ಮಾತೇ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಜೀವಗಳನ್ನು ಬಲಿ ತೆಗೆದುಕೊಂಡು, ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಮುಚ್ಚಿದಾಗ, ಕುಮಟೆಗೂ ಅಂಕೋಲೆಗೂ ನಡುವೆ ಹಳಿಯೇ ನೇರದ ದಾರಿಯಾಗಿ ಉಳಿದದ್ದನ್ನು ಈ ಭಾಗದ ಜನ ಮರೆತಿಲ್ಲ. ಹೀಗಿರುವಾಗ ಪಾಳಿ ಮುಗಿಸಿದ ನೌಕರನೊಬ್ಬ ಮುಂದಿನ ನಿಲ್ದಾಣಕ್ಕೆ ಹೋಗಲು ಎದುರಿಗೆ ನಿಂತ ರೈಲನ್ನು ಹತ್ತಿದರೆ, ಆ ರೈಲು ಯಾವ ಆಡಳಿತದ್ದೆಂದು ನೋಡದೆ ಅವನಿಗೆ ಬಾಗಿಲ ಬಳಿ ಜಾಗ ಕೊಡುವುದು ಉಪಕಾರವಲ್ಲ, ಅದು ಕೆಲಸದ ಮುಂದುವರಿಕೆ.

ತೊಡಕು ಇರುವುದು ಈ ಜಾಗ ಯಾರಿಗೆ ಸಿಗುತ್ತದೆ ಎಂಬುದರಲ್ಲಿ. ‘ಸ್ಟಾಫ್’ ಎಂಬ ಮಾತು ನಡೆಯಬೇಕಾದರೆ ಹೇಳುವವನ ಮುಖದಲ್ಲಿ, ಬಟ್ಟೆಯಲ್ಲಿ, ಮಾತಿನ ಧಾಟಿಯಲ್ಲಿ ಅದು ಒಪ್ಪಿಗೆಯಾಗಬೇಕು. ಕಾಯಂ ನೌಕರನೊಬ್ಬ, ಅದರಲ್ಲೂ ಮೇಲ್ದರ್ಜೆಯವನು, ಆ ಮಾತನ್ನು ಅಳುಕಿಲ್ಲದೆ ಹೇಳುತ್ತಾನೆ. ಆತನ ಬಳಿ ವರ್ಷಕ್ಕೆ ಇಷ್ಟೆಂದು ಪಾಸುಗಳೂ ಇರುತ್ತವೆ, ಸಂಬಳವೂ ಇರುತ್ತದೆ. ಅದೇ ರೈಲಿನ ಡಬ್ಬಿಗಳಲ್ಲಿ ಕಸ ಗುಡಿಸಿ ಶೌಚಾಲಯ ತೊಳೆಯುವ, ಹೊದಿಕೆ ದಿಂಬು ಹಂಚುವ, ಊಟದ ಟ್ರೇ ಹೊರುವ ಗುತ್ತಿಗೆ ಕೆಲಸಗಾರ ರೈಲ್ವೆಯ ಲೆಕ್ಕದಲ್ಲಿ ನೌಕರನೇ ಅಲ್ಲ. ಆತನ ಕೊರಳಿನ ಚೀಟಿಯ ಮೇಲೆ ಗುತ್ತಿಗೆದಾರನ ಹೆಸರಿರುತ್ತದೆ. ಕೆಲಸ ಮುಗಿಸಿ ಮರಳುವ ರೈಲಿನಲ್ಲಿ ಆತ ‘ಸ್ಟಾಫ್’ ಎಂದರೆ ಆ ಮಾತು ಆತನ ಬಾಯಲ್ಲಿ ಸುಳ್ಳಿನಂತೆ ಕೇಳಿಸುತ್ತದೆ. ಯಾರಿಗೆ ಸೌಕರ್ಯದ ಅಗತ್ಯ ಹೆಚ್ಚೋ ಅವರಿಗೇ ದಾಕ್ಷಿಣ್ಯ ಕಡಿಮೆ ದೊರೆಯುವುದು ಈ ರೂಢಿಯ ದೊಡ್ಡ ಕೊರತೆ, ಮತ್ತು ಈ ಪತ್ರ ಬರೆಯುವುದಕ್ಕೆ ಮುಖ್ಯ ಕಾರಣವೂ ಅದೇ. ದಾಕ್ಷಿಣ್ಯವು ಪರಿಚಯಸ್ಥರ ನಡುವೆಯೇ ಸುತ್ತತೊಡಗಿದರೆ ಅದಕ್ಕೆ ಕನ್ನಡದಲ್ಲಿ ಬೇರೆ ಹೆಸರಿದೆ. ಅದನ್ನು ಮುಲಾಜು ಎನ್ನುತ್ತಾರೆ.

ಟಿಕೆಟ್ ತಪಾಸಣೆಯವರ ಸ್ಥಿತಿಯೂ ಸುಖದ್ದಲ್ಲ. ಸಹೋದ್ಯೋಗಿಯನ್ನು ಬಿಟ್ಟರೆ ಜಾಗೃತ ದಳದವರಿಗೆ ಉತ್ತರ ಹೇಳಬೇಕು, ಬಿಡದಿದ್ದರೆ ನಾಳೆ ಅದೇ ಸಹೋದ್ಯೋಗಿಯ ಊರಿನಲ್ಲಿ ತಾನು ನೀರು ಕೇಳಬೇಕಾದೀತು. ಹಿಂದೆ ಅಚ್ಚಾದ ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಪೆನ್ನಿನಿಂದ ಗುರುತು ಹಾಕುತ್ತಿದ್ದ ಕಾಲದಲ್ಲಿ ಖಾಲಿ ಸೀಟಿನ ಮೇಲೆ ಸಹೋದ್ಯೋಗಿಯನ್ನು ಕೂರಿಸುವುದು ಆತನ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ಈಗ ಆತನ ಕೈಗೆ ಬಂದಿರುವ ಚಿಕ್ಕ ಯಂತ್ರದಲ್ಲಿ ಯಾವ ಬರ್ತಿನ ಪ್ರಯಾಣಿಕ ಬಂದಿಲ್ಲವೆಂದು ಒತ್ತಿದ ಕ್ಷಣದಲ್ಲೇ ಆ ಬರ್ತು, ಅರ್ಧ ಸೀಟಿನ ಮೇಲೆ ಕಾಯುತ್ತಿರುವ ಆರ್‌ಎಸಿ ಪ್ರಯಾಣಿಕನಿಗೆ ಹೋಗುತ್ತದೆ. ಯಂತ್ರದಲ್ಲಿ ಪಿಎನ್‌ಆರ್ ಸಂಖ್ಯೆ ಇಲ್ಲದವರಿಗೆ ಸ್ಥಳವಿಲ್ಲ. ಇದು ಒಳ್ಳೆಯದೇ ಆಯಿತು. ಆದರೆ ಬಾಯಿಮಾತಿನ ಸೌಕರ್ಯಕ್ಕೆ ಇದ್ದ ಜಾಗ ಇದರಿಂದ ಇನ್ನಷ್ಟು ಕಿರಿದಾಗಿದ್ದು, ಬರೆದಿಡದ ರೂಢಿಗೆ ಹೆಚ್ಚು ಆಯುಷ್ಯ ಉಳಿದಿಲ್ಲವೆಂಬುದನ್ನೂ ಅದು ಸೂಚಿಸುತ್ತದೆ.

ಹಣ ಕೊಟ್ಟು ಪ್ರಯಾಣಿಸುವವರ ಪಾಲಿನ ಮಾತನ್ನೂ ಇಲ್ಲಿ ಹೇಳಲೇಬೇಕು. ಕಟ್ಟುವಾಗ ಮಾಡಿದ ಸಾಲದ ಭಾರದಿಂದಾಗಿ ಕೊಂಕಣ ರೈಲ್ವೆಯಲ್ಲಿ ಪ್ರಯಾಣ ದರವನ್ನು ನಿಜವಾದ ದೂರಕ್ಕೆ ಶೇ 40ರಷ್ಟು ಕೂಡಿಸಿ ಲೆಕ್ಕ ಹಾಕುವ ಪದ್ಧತಿ ಬಂದಿದೆ; ಅಂದರೆ ಅಂಕೋಲೆಯ ಪ್ರಯಾಣಿಕ ನೂರು ಕಿಲೋಮೀಟರ್ ಹೋದರೆ ನೂರಾನಲವತ್ತರ ಹಣ ತೆತ್ತಿರುತ್ತಾನೆ. ಮಾರ್ಗಕ್ಕೆ ಭೂಮಿ ಬಿಟ್ಟುಕೊಟ್ಟವರೂ ಈ ಭಾಗದ ಜನರೇ, ಹೆಚ್ಚಿನ ದರ ತೆರುವವರೂ ಇವರೇ. ಹಬ್ಬದ ದಿನ ಮುಂಬಯಿಯಿಂದ ಬರುವ ಜನರಲ್ ಡಬ್ಬಿಯಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಶೌಚಾಲಯದ ಬಾಗಿಲಿಗೆ ಒರಗಿ ಕೂತ ಹೆಂಗಸಿನ ಎದುರು, ಕೆಲಸದ ಮೇಲಿಲ್ಲದ ಯಾವ ನೌಕರನ ‘ಸ್ಟಾಫ್’ ಎಂಬ ಮಾತಿಗೂ ಬೆಲೆ ಇರಬಾರದು. ಆದ್ದರಿಂದ ಕೋರುತ್ತಿರುವುದು ಎಲ್ಲರಿಗೂ ಎಲ್ಲ ಕಾಲಕ್ಕೂ ಉಚಿತ ಪ್ರಯಾಣವನ್ನಲ್ಲ.

ಕೋರುತ್ತಿರುವುದು ಇಷ್ಟು. ಕಾರವಾರ ವಿಭಾಗದ ನೌಕರ ಸಂಘಟನೆಗಳು ಪಕ್ಕದ ವಲಯಗಳ ಸಂಘಟನೆಗಳೊಡನೆ ಕೂತು, ಪಾಳಿಗೆ ಹೋಗುವ ಮತ್ತು ಪಾಳಿಯಿಂದ ಮರಳುವ ಅಲ್ಪದೂರದ ಪ್ರಯಾಣವನ್ನು, ಅಂದರೆ ಅಂಕೋಲಾದಿಂದ ಕಾರವಾರ, ಕಾರವಾರದಿಂದ ಮಡಗಾಂವ್, ಸುರತ್ಕಲ್‌ನಿಂದ ಮಂಗಳೂರಿನಂಥ ತುಂಡುಗಳನ್ನು, ಉಳಿದ ಪ್ರಿವಿಲೆಜ್ ಪ್ರಯಾಣದಿಂದ ಬೇರ್ಪಡಿಸಿ, ಅದಕ್ಕೊಂದು ಲಿಖಿತ ಪರಸ್ಪರ ಒಪ್ಪಂದದ ಕರಡನ್ನು ಸಿದ್ಧಪಡಿಸಿ ಆಡಳಿತಗಳ ಮುಂದಿಡಬೇಕು. ಪಾಳಿಯ ದಿನಾಂಕ, ವೇಳೆ ಮತ್ತು ಎರಡು ನಿಲ್ದಾಣಗಳ ಹೆಸರು ಬರೆದು ಸ್ಟೇಷನ್ ಮಾಸ್ತರರು ಮೊಹರು ಹಾಕಿದ ಒಂದು ಚೀಟಿ ಇದಕ್ಕೆ ಸಾಕು. ಅದನ್ನೇ ಮೊಬೈಲಿನಲ್ಲಿ ಕೊಡುವುದು ಇಂದು ಕಷ್ಟದ ಕೆಲಸವಲ್ಲ, ಏಕೆಂದರೆ ಭಾರತೀಯ ರೈಲ್ವೆ 2020ರಿಂದಲೇ ತನ್ನ ನೌಕರರಿಗೆ ಇ-ಪಾಸ್ ಕೊಡಲಾರಂಭಿಸಿದೆ. ಆ ಚೀಟಿ ಕಾಯ್ದಿರಿಸಿದ ಸೀಟಿನ ಮೇಲೆ ಯಾವ ಹಕ್ಕನ್ನೂ ಕೊಡಬಾರದು, ನಿಲ್ಲಲು ಮತ್ತು ಖಾಲಿ ಇದ್ದರೆ ಕೂರಲು ಮಾತ್ರ ಅವಕಾಶ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕರಡಿನ ಮೊದಲ ಸಾಲಿನಲ್ಲಿ ‘ನೌಕರ’ ಎಂಬ ಪದದ ಅರ್ಥವನ್ನು ಹೇಳುವಾಗ, ಆ ದಿನ ಆ ಮಾರ್ಗದಲ್ಲಿ ಅಥವಾ ಆ ರೈಲಿನಲ್ಲಿ ಕೆಲಸ ಮಾಡಿದ ಗುತ್ತಿಗೆ ಕೆಲಸಗಾರರೂ ಅದರಲ್ಲಿ ಸೇರುವಂತೆ ಬರೆಯಬೇಕು. ಗುತ್ತಿಗೆದಾರ ಬದಲಾದರೂ ಚೀಟಿ ನಿಲ್ಲದಂತೆ, ಅದನ್ನು ಕೊಡುವ ಹೊಣೆ ಸ್ಟೇಷನ್ ಮಾಸ್ತರರದಾಗಿರಬೇಕೇ ಹೊರತು ಗುತ್ತಿಗೆದಾರನದಲ್ಲ.

ಇದಕ್ಕೆ ಈಗಲೇ ಕೈಹಾಕಬೇಕಾದ ಕಾರಣವೂ ಇದೆ. ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸುವ ಮಾತು, 2025ರಲ್ಲಿ ಮಹಾರಾಷ್ಟ್ರ ಸರ್ಕಾರವೂ ಒಪ್ಪಿಗೆ ಸೂಚಿಸಿದ ಮೇಲೆ, ಹಿಂದೆಂದಿಗಿಂತ ಹತ್ತಿರ ಬಂದಿದೆ. ವಿಲೀನವಾದರೆ ಗೋಡೆಯೇ ಬೀಳುತ್ತದೆ, ಆಗ ಒಪ್ಪಂದದ ಅಗತ್ಯವೆಲ್ಲಿ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ವಿಲೀನದ ಕಾಗದಗಳಲ್ಲಿ ಕಾಯಂ ನೌಕರರ ಸೇವಾ ಹಿರಿತನ, ಪಿಂಚಣಿ ಮತ್ತು ಪಾಸುಗಳ ಲೆಕ್ಕ ಹೇಗೂ ನಡೆಯುತ್ತದೆ; ಗುತ್ತಿಗೆಯವರ ಹೆಸರು ಯಾವ ಪುಟದಲ್ಲೂ ಬರುವುದಿಲ್ಲ. ಬ್ರಿಟನ್ನಿನಲ್ಲಿ ಒಡೆಯುವಾಗ ಒಂದು ದಿನಾಂಕ ಇಬ್ಬರು ಕೆಲಸಗಾರರ ನಡುವೆ ಗೆರೆ ಎಳೆದಂತೆ, ಇಲ್ಲಿ ಕೂಡಿಸುವಾಗ ಒಂದು ನೇಮಕಾತಿ ಪತ್ರ ಅದೇ ಗೆರೆಯನ್ನು ಎಳೆಯುವ ಸಾಧ್ಯತೆ ಇದೆ. ಅದಕ್ಕೆ ಮುಂಚೆ ಕರಡಿನ ಒಂದು ಪ್ರತಿ ಶಿರವಾಡದ ನಿಲ್ದಾಣದಲ್ಲಿ, ಇನ್ನೊಂದು ಅಂಕೋಲೆಯಲ್ಲಿ, ಮತ್ತೊಂದು ಹಾರವಾಡದ ಚಿಕ್ಕ ಕಚೇರಿಯಲ್ಲಿ ಸಹಿಗಾಗಿ ಮೇಜಿನ ಮೇಲೆ ಇರಲಿ, ಮತ್ತು ಸಹಿ ಮಾಡುವವರ ಸಾಲಿನಲ್ಲಿ ಪ್ಲಾಟ್‌ಫಾರಂ ಗುಡಿಸುವವರೂ ನಿಂತಿರಲಿ.

ಇಂತು,
ಕಾರವಾರ ಮತ್ತು ಅಂಕೋಲಾ ಮಾರ್ಗದ ಪ್ರಯಾಣಿಕರೊಬ್ಬರು